ಏಳನೇ ಸಲ ಬರೆದ ಮುಚ್ಚಳಿಕೆ

ತಕ್ಕಡಿ ಮೇಲೆ ನಿಂತವರು ಯಾಕೆ ಉಸಿರು ಬಿಗಿಹಿಡಿಯುತ್ತಾರೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಅಳೆಯುವವರು ಬಂದರು ಅಂದರೆ ಮನುಷ್ಯರೂ ಹಾಗೇ, ಕಾಲೇಜುಗಳೂ ಹಾಗೇ. ಹೊಟ್ಟೆ ಒಳಗೆಳೆದು ನೆಟ್ಟಗೆ ನಿಲ್ಲುತ್ತವೆ, ಅಷ್ಟು ನೆಟ್ಟಗೆ ನಿಂತಾಗಲೇ ಎಲ್ಲೋ ಒಂದು ಗುಂಡಿ ಪಟ್ ಅಂತ ಹಾರುತ್ತದೆ. ಇಪ್ಪತ್ತು ವರ್ಷಗಳಿಂದ ನಾನು ಅಂಥ ಗುಂಡಿಗಳನ್ನು ಆರಿಸುತ್ತಾ ಬಂದಿದ್ದೇನೆ.

ಹುಡುಗರು ತಪ್ಪು ಮಾಡಿದರೆ ಕಾಲೇಜು ಏನು ಮಾಡುತ್ತದೆ, ಅದು ನ್ಯಾಯವಾಗಿದೆಯೇ, ಅದರಿಂದ ಯಾರಿಗಾದರೂ ಬುದ್ಧಿ ಬಂದಿದೆಯೇ ಎಂದು ನೋಡಿ ವರದಿ ಬರೆಯುವುದು ನನ್ನ ಕೆಲಸ. ಮಸ್ಕತ್‌ನಲ್ಲಿ ಮಾಡಿದ್ದೇನೆ, ಗ್ಲಾಸ್ಗೋದಲ್ಲಿ ಮಾಡಿದ್ದೇನೆ, ಕೊಲಂಬೊದಲ್ಲಿ ಮಾಡಿದ್ದೇನೆ. "ಮೇಷ್ಟ್ರುಗಳಿಗೆ ಮೇಷ್ಟ್ರು ಕಣೇ ನೀನು" ಎಂದು ನನ್ನ ಅತ್ತಿಗೆ ಒಂದೇ ಸಾಲಿನಲ್ಲಿ ಮುಗಿಸುತ್ತಾಳೆ. ಎರಡು ವರ್ಷದ ಹಿಂದೆ ಶಿವಮೊಗ್ಗಕ್ಕೆ ಬಂದು ಆಲ್ಕೊಳದಲ್ಲಿ ಒಂದು ಮಹಡಿ ಮನೆ ಹಿಡಿದೆ. ಸೂಟ್‌ಕೇಸು ಇನ್ನೂ ಪೂರ್ತಿ ಬಿಚ್ಚಿರಲಿಲ್ಲ. ಅಷ್ಟರಲ್ಲಿ ಮೂರು ಕಾಲೇಜು ನಡೆಸುವ ಒಂದು ಟ್ರಸ್ಟಿನಿಂದ ಕರೆ ಬಂತು.

ಟ್ರಸ್ಟಿನ ಅಧ್ಯಕ್ಷರು ಅಡಿಕೆ ಮಂಡಿಯವರು. ಮೊದಲ ಭೇಟಿಯಲ್ಲೇ ಕೇಳಿದರು: "ಈ ಬೆಂಚ್‌ಮಾರ್ಕಿಂಗ್ ಅಂದ್ರೆ ಏನ್ರೀ ಮೇಡಂ? ಹುಡುಗರು ಬೆಂಚಿನ ಮೇಲೆ ಹೆಸರು ಕೆತ್ತುತಾರಲ್ಲ, ಅದಾ? ಅದನ್ನ ನಿಲ್ಲಿಸಿ ಎಷ್ಟೋ ವರ್ಷ ಆಯ್ತು. ಈಗೆಲ್ಲ ಕಲ್ಲು ಬೆಂಚು ಹಾಕ್ಸಿದೀವಿ."

ಅಲ್ಲ ಸರ್, ಮೂರೂ ಕಾಲೇಜಿನ ಶಿಸ್ತು ವಿಭಾಗಗಳನ್ನು ಒಂದೇ ಅಳತೆಗೋಲಿನಲ್ಲಿ ಅಳೆದು, ಒಂದರ ಪಕ್ಕ ಒಂದಿಟ್ಟು ನೋಡುವುದು ಎಂದೆ.

"ಓಹೋ, ಗ್ರೇಡ್ ಮಾಡೋದು! ಅಷ್ಟು ಹೇಳೋಕೆ ಇಂಗ್ಲಿಷ್ ಯಾಕೆ ಮಾರಾಯ್ತಿ? ಯಾವುದು ಸರಕು, ಯಾವುದು ರಾಶಿ, ಯಾವುದು ಗೊರಬಲು, ನೋಡಿ ಹೇಳಿ. ಗೊರಬಲು ಬಂದ ಕಾಲೇಜಿನ ಶಿಸ್ತು ವಿಭಾಗ ಎತ್ತಿಹಾಕಿ, ಅಲ್ಲಿನ ಸಂಚಾಲಕರನ್ನ ಇಲ್ಲಿ ಟ್ರಸ್ಟ್ ಆಫೀಸಿಗೆ ಕರೆಸಿಕೊಳ್ಳೋಣ."

ಗೊರಬಲು ಅಂದರೆ ಮಂಡಿಯಲ್ಲಿ ಕೊನೆಯ ದರ್ಜೆಯ ಅಡಿಕೆ. ನಾನು ಮಸ್ಕತ್‌ನಲ್ಲಿ ಹೆಣೆದು ಗ್ಲಾಸ್ಗೋದಲ್ಲಿ ಇಸ್ತ್ರಿ ಮಾಡಿದ ಅಳತೆಗೋಲನ್ನು ಅವರು ಎರಡೇ ನಿಮಿಷದಲ್ಲಿ ಗೋಣಿಚೀಲಕ್ಕೆ ತುಂಬಿ ಬಾಯಿ ಹೊಲಿದಿದ್ದರು.

ಮಾನ ಮತ್ತು ದಂಡ

ಮೊದಲು ಮೂರೂ ಕಾಲೇಜಿಗೆ ಒಂದು ಪ್ರಶ್ನಾವಳಿ ಕಳಿಸಿದೆ. ಕನ್ನಡದಲ್ಲಿ, ನಾನೇ ಬರೆದದ್ದು. ಊರಿಗೆ ಬಂದ ಹೊಸ ಹುರುಪು. ಮೊದಲ ಪ್ರಶ್ನೆ: "ವಿದ್ಯಾರ್ಥಿಗಳ ನಡತೆಗೆ ಸಂಬಂಧಿಸಿದಂತೆ ನಿಮ್ಮ ಕಾಲೇಜಿನ ಮಾನದಂಡ ಏನು? ವಿವರಿಸಿ."

ರಾಗಿಗುಡ್ಡದ ಕಡೆಯ ಕಾಲೇಜಿನ ಆಫೀಸ್ ಸೂಪರಿಂಟೆಂಡೆಂಟರು ಮರುದಿನವೇ ಉತ್ತರ ಕಳಿಸಿದರು. ಮೊಹರು ಹಾಕಿ, ಸಹಿ ಮಾಡಿ, ಎರಡೇ ವಾಕ್ಯ:

"ಮಾನ ಇದೆ. ದಂಡ ಕಳೆದ ವರ್ಷದಿಂದ ನಿಲ್ಲಿಸಿದ್ದೇವೆ."

ಭದ್ರಾವತಿಯಿಂದ ಉತ್ತರವೇ ಬರಲಿಲ್ಲ. ನನ್ನ ಪ್ರಶ್ನಾವಳಿಯೇ ವಾಪಸ್ ಬಂತು, ತುಂಬ ಕೆಂಪು ಶಾಯಿ. ಎರಡು ಕಡೆ ಅಲ್ಪಪ್ರಾಣ ತಿದ್ದಿತ್ತು. ಮೂರನೇ ಪ್ರಶ್ನೆಯ ಪಕ್ಕದಲ್ಲಿ "ವಾಕ್ಯಕ್ಕೆ ಕರ್ತೃವೇ ಇಲ್ಲ. ಯಾರು, ಯಾರಿಗೆ?" ಎಂದಿತ್ತು. ನಾನು ಬೆಪ್ಪಾಗಿ ನೋಡುತ್ತಿರುವಾಗಲೇ ಫೋನ್ ಬಂತು. ಅಲ್ಲಿನ ಶಿಸ್ತು ವಿಭಾಗದ ಸಂಚಾಲಕಿ. ಕನ್ನಡದ ಅಧ್ಯಾಪಕಿ.

"ಬೇಜಾರು ಮಾಡ್ಕೋಬೇಡಿ ಮೇಡಂ, ಕೈ ತಡೀಲಿಲ್ಲ" ಎಂದು ಶುರುಮಾಡಿದರು. "ಗೊರಬಲು ನಾವೇ ಅಂತ ಸ್ಟಾಫ್ ರೂಮಲ್ಲಿ ಆಗಲೇ ಮಾತಾಡ್ತಿದಾರೆ. ವಿಭಾಗ ಎತ್ತಿದ್ರೆ ನನ್ನನ್ನ ಶಿವಮೊಗ್ಗಕ್ಕೆ ಹಾಕ್ತಾರೆ. ನನಗಿನ್ನು ಎರಡೇ ವರ್ಷ ಸರ್ವೀಸು. ಜನ್ನಾಪುರದ ಮನೆಯಿಂದ ನಡ್ಕೊಂಡು ಕಾಲೇಜಿಗೆ ಹೋಗ್ತೀನಿ. ದಿನಾ ಬಸ್ಸಲ್ಲಿ ನಿಂತು ಬರೋಕೆ ನನ್ನ ಮಂಡಿ ಒಪ್ಪಲ್ಲ. ಅದೂ ಹೋಗ್ಲಿ, ಇಲ್ಲಿ ನನ್ನ ಹುಡುಗರು ಇನ್ನೂ ಮುಗಿದಿಲ್ಲ."

"ಮುಗಿದಿಲ್ಲ ಅಂದ್ರೆ?"

"ಬಂದು ನೋಡಿ. ಅಷ್ಟರಲ್ಲಿ ನೀವು ಆ ಮೂರನೇ ಪ್ರಶ್ನೆ ತಿದ್ದಿ."

ಗ್ಲಾಸ್ಗೋದಲ್ಲಿ ಪ್ರೊಫೆಸರುಗಳು ನನ್ನ ಪ್ರಶ್ನಾವಳಿಗೆ ಹೆದರುತ್ತಿದ್ದರು. ಭದ್ರಾವತಿಯಲ್ಲಿ ಅದಕ್ಕೆ ಹತ್ತಕ್ಕೆ ಆರು ಅಂಕ ಬಂದಿತ್ತು.

ಸೀಟಿ

ರಾಗಿಗುಡ್ಡದ ಕಡೆಯ ಕಾಲೇಜಿನಲ್ಲಿ ಶಿಸ್ತು ವಿಭಾಗ ನೋಡಿಕೊಳ್ಳುವವರು ಪಿ.ಟಿ. ಮೇಷ್ಟ್ರು. ಎತ್ತರದ ಆಳು, ಎದೆಯ ಮೇಲೆ ದಾರದಲ್ಲಿ ಸ್ಟೀಲಿನ ಸೀಟಿ.

"ನಿಮ್ಮ ಕಾರ್ಯಕ್ರಮ ಹೇಗೆ ನಡೆಯುತ್ತೆ ಸರ್? ಲಿಖಿತವಾಗಿ ಏನಾದರೂ ಇದೆಯಾ?"

ಅವರು ಸೀಟಿ ಎತ್ತಿ ತೋರಿಸಿದರು. "ಇದೇ ಮೇಡಂ."

"ಅಲ್ಲ, ತಪ್ಪುಗಳಲ್ಲಿ ಸಣ್ಣದು, ದೊಡ್ಡದು ಅಂತ ಇರುತ್ತಲ್ಲ?"

"ಇದೆಯಲ್ಲ. ಸಣ್ಣದಕ್ಕೆ ಒಂದು ಸಲ ಊದ್ತೀನಿ. ಮಧ್ಯಮಕ್ಕೆ ಎರಡು. ದೊಡ್ಡದಾದ್ರೆ ಊದ್ತಾನೇ ಓಡಿ ಹೋಗ್ತೀನಿ."

"ಹುಡುಗನಿಗೆ ಇದು ಅನ್ಯಾಯ ಅನ್ನಿಸಿದರೆ? ಮೇಲ್ಮನವಿಗೆ ಅವಕಾಶ?"

"ಅಯ್ಯೋ, ಧಾರಾಳವಾಗಿ! ಪ್ರಿನ್ಸಿಪಾಲರ ಹತ್ರ ಹೋಗಬಹುದು. ಅವರು ನನ್ನ ಕರೆಸ್ತಾರೆ. ನಾನು ಬಂದು ಇನ್ನೊಂದು ಸಲ ಊದ್ತೀನಿ."

ಇದು ಆಗುವಂಥದ್ದಲ್ಲ, ನಿಯಮವೆಂದರೆ ಹೆದರಿಕೆಯಲ್ಲ, ವಿದ್ಯಾರ್ಥಿಗೆ ತನ್ನ ತಪ್ಪೇನೆಂದು ತಿಳಿಯಬೇಕು ಎಂದೆಲ್ಲ ಅವರಿಗೆ ಅರ್ಧ ಗಂಟೆ ವಿವರಿಸಿದೆ. ಅವರು ವಿನಯದಿಂದ ತಲೆಯಾಡಿಸಿದರು. ಹೊರಡುವಾಗ ಕಾರಿಡಾರಿನಲ್ಲಿ ನನಗೆ ಫೋನ್ ಬಂತು. ಮಾತಾಡುತ್ತಾ ಎರಡು ಹೆಜ್ಜೆ ಹಾಕಿದ್ದೆ, ಹಿಂದಿನಿಂದ ಒಂದು ಉದ್ದನೆಯ ಸೀಟಿ ಕೇಳಿಸಿತು.

ಯಾಕೆಂದು ನನಗೆ ಗೊತ್ತಿಲ್ಲ. ಫೋನು ಬ್ಯಾಗಿನೊಳಗೆ ಹೋಗಿತ್ತು, ದುಪಟ್ಟ ಸರಿಯಾಗಿತ್ತು, ನಾನು ಗೋಡೆಯ ಪಕ್ಕ ನೆಟ್ಟಗೆ ನಿಂತಿದ್ದೆ.

ಮೇಷ್ಟ್ರು ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಕ್ಷಮಿಸಿ ಮೇಡಂ, ನಿಮಗಲ್ಲ, ಆ ಹುಡುಗನಿಗೆ. ಆದ್ರೆ ನೋಡಿದ್ರಾ? ಹೊರಗಿನವರಿಗೂ ಕೆಲಸ ಮಾಡುತ್ತೆ."

ಬದಲಿ

ಆಲ್ಕೊಳದ ಕಾಲೇಜಿನವರು ಬಹಳ ಆಧುನಿಕರು. ಅಲ್ಲಿ ದಂಡವೂ ಇಲ್ಲ, ಸೀಟಿಯೂ ಇಲ್ಲ, ಕೌನ್ಸೆಲಿಂಗ್. ಅದಕ್ಕೇ ಒಂದು ಕೋಣೆ, ನೀಲಿ ಪರದೆ, ಎರಡು ಮೆತ್ತನೆ ಕುರ್ಚಿ. ತಪ್ಪು ಮಾಡಿದವರು ವಾರಕ್ಕೊಂದು ಸಲದಂತೆ ಐದು ವಾರ ಬಂದು ಮಾತಾಡಿ ಹೋಗಬೇಕು. ಕಡತಗಳು ಅಚ್ಚುಕಟ್ಟು. ನನಗೆ ಗ್ಲಾಸ್ಗೋ ನೆನಪಾಗಿ ಕಣ್ಣು ತುಂಬಿ ಬಂತು.

ಐದೂ ವಾರ ಮುಗಿಸಿದ ಒಬ್ಬ ಹುಡುಗನನ್ನು ಕರೆಸಿ ಕೇಳಿದೆ: "ನಿನಗೆ ನ್ಯಾಯ ಸಿಕ್ಕಿತು ಅನ್ನಿಸಿತಾ?"

"ಸಿಕ್ತು ಮೇಡಂ. ತುಂಬಾ ಚೆನ್ನಾಗಿತ್ತು."

"ಮಾಡಿದ್ದು ತಪ್ಪು ಅಂತ ಮನಸ್ಸಿಗೆ ಬಂತಾ?"

"ಬಂತು ಮೇಡಂ. ಆದ್ರೆ ಮಾಡಿದ್ದು ನಾನಲ್ಲ."

"ಮತ್ತೆ?"

"ನಮ್ಮ ಕ್ಲಾಸಲ್ಲಿ ನನ್ನ ಹೆಸರಿನವನೇ ಇನ್ನೊಬ್ಬ ಇದಾನೆ. ಇನಿಷಿಯಲ್ ಮಾತ್ರ ಬೇರೆ. ಲ್ಯಾಬ್ ಕಿಟಕಿ ಗಾಜು ಒಡೆದಿದ್ದು ಅವನು."

ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. "ಮೊದಲ ದಿನವೇ ಹೇಳಬಾರದಿತ್ತಾ?"

"ಹೇಳೋಣ ಅಂತಾನೇ ಹೋದೆ. ಕೌನ್ಸೆಲಿಂಗ್ ಮೇಡಂ ಕಾಫಿ ಕೊಟ್ಟು, 'ನಿನ್ನ ಮನಸ್ಸಲ್ಲಿ ಏನಿದೆ ಹೇಳಪ್ಪ' ಅಂದ್ರು. ನಂಗೆ ಇಲ್ಲಿತನಕ ಯಾರೂ ಹಾಗೆ ಕೇಳಿರಲಿಲ್ಲ. ಮಾತಾಡ್ತಾ ಕೂತೆ. ಆಮೇಲೆ ಎರಡನೇ ವಾರ ಹೇಳೋದು ಚೆನ್ನಾಗಿರಲ್ಲ ಅನ್ನಿಸ್ತು."

"ಹಾಗಾದರೆ ಆ ಗಾಜು ಒಡೆದವನು? ಅವನಿಗೆ ಬುದ್ಧಿ ಬರಲೇ ಇಲ್ಲ ಅನ್ನು."

"ಬಂದಿದೆ ಮೇಡಂ!" ಹುಡುಗ ಹೆಮ್ಮೆಯಿಂದ ಎದೆ ಸೆಟೆಸಿದ. "ಪ್ರತಿ ವಾರ ಹೊರಗೆ ಬಂದ ತಕ್ಷಣ ಅವನನ್ನ ಕ್ಯಾಂಟೀನಲ್ಲಿ ಕೂರಿಸಿಕೊಂಡು ಒಳಗೆ ಹೇಳಿದ್ದನ್ನೆಲ್ಲ ಅವನಿಗೆ ಹೇಳ್ತಿದ್ದೆ. ಈಗ ಬಹಳ ಸುಧಾರಿಸಿದಾನೆ."

ವರದಿಯಲ್ಲಿ ಏನು ಬರೆಯಬೇಕೋ ತೋಚದೆ, "ಕಾರ್ಯಕ್ರಮದ ಪರಿಣಾಮ ನಿರೀಕ್ಷೆಗಿಂತ ದೂರ ತಲುಪಿದೆ" ಎಂದು ಬರೆದೆ.

ಮೂರು ಲ

ಭದ್ರಾವತಿಗೆ ಹೋದ ದಿನ ಶಿಸ್ತು ವಿಭಾಗದ ಬಾಗಿಲ ಮುಂದಿನ ಬೆಂಚಿನ ಮೇಲೆ ಇಬ್ಬರು ಹುಡುಗರು ತೊಡೆ ಮೇಲೆ ರಟ್ಟು ಇಟ್ಟುಕೊಂಡು ಬರೆಯುತ್ತಿದ್ದರು. ಬೆವರು ಕಿತ್ತು ಬರುತ್ತಿತ್ತು. ಒಬ್ಬನನ್ನು ಕೇಳಿದೆ: "ಏನಪ್ಪ ತಪ್ಪು ಮಾಡಿದೆ?"

"ಮಹಾಪ್ರಾಣ, ಮೇಡಂ."

"ಅದಲ್ಲ, ಕಾಲೇಜಲ್ಲಿ ಏನು ಮಾಡಿದೆ ಅಂತ."

"ಓ, ಅದಾ?" ಹುಡುಗ ಪೆನ್ನು ಕಚ್ಚಿಕೊಂಡು ಯೋಚಿಸಿದ. "ಇದು ಆರನೇ ಸಲ ಮೇಡಂ. ತಾಳಿ, ನೋಡಿ ಹೇಳ್ತೀನಿ." ಕಾಗದ ಓದಿಕೊಂಡು, "ಹಾಂ, ಗಂಟೆ ಹೊಡೆದಿದ್ದೆ, ಹತ್ತು ನಿಮಿಷ ಮೊದಲೇ" ಎಂದ.

ಒಳಗೆ ಹೋದ ಮೇಲೆ ಸಂಚಾಲಕಿ ಮೇಡಂ ವಿವರಿಸಿದರು. ಅವರದ್ದು ಒಂದೇ ಶಿಕ್ಷೆ, ಮುಚ್ಚಳಿಕೆ. ತಪ್ಪಾಯಿತು, ಇನ್ನು ಮುಂದೆ ಹೀಗೆ ಮಾಡುವುದಿಲ್ಲ ಎಂದು ಸ್ವಂತ ಕೈಯಲ್ಲಿ ಕನ್ನಡದಲ್ಲಿ ಬರೆದುಕೊಡಬೇಕು. ಎಲ್ಲ ಕಾಲೇಜಿನಲ್ಲೂ ಇರುವುದೇ. ಆದರೆ ಇಲ್ಲಿ ಒಂದು ಅಕ್ಷರ ತಪ್ಪಿದರೂ ಮೇಡಂ ತೆಗೆದುಕೊಳ್ಳುವುದಿಲ್ಲ. ಮೊದಲಿನಿಂದ ಮತ್ತೆ ಬರೆಯಬೇಕು, ಆ ಬೆಂಚಿನ ಮೇಲೇ ಕೂತು.

"ಮೊದಲು ಫೋನಲ್ಲಿ ಬರೆದು ತರೋಕೆ ಬಿಟ್ಟಿದ್ದೆ" ಎಂದರು. "'ತಮ್ಮ ವಿಧೇಯ ವಿದ್ಯಾರ್ಥಿ' ಅಂತ ಹೊಡೆಯೋಕೆ ಹೋದ್ರೆ ಆ ಫೋನು ತಾನೇ 'ತಮ್ಮ ವಿದೇಶಿ ವಿದ್ಯಾರ್ಥಿ' ಅಂತ ಮಾಡ್ತಿತ್ತು. ನಮ್ಮ ಗುಮಾಸ್ತರು ಅದನ್ನ ನೋಡಿ, ಟ್ರಸ್ಟಿನ ಫಾರಂನಲ್ಲಿ ವಿದೇಶಿ ವಿದ್ಯಾರ್ಥಿಗಳು ಹನ್ನೊಂದು ಜನ ಅಂತ ತುಂಬಿಬಿಟ್ರು. ಹನ್ನೊಂದೂ ನನ್ನ ಹಾಗೇ ಜನ್ನಾಪುರದಿಂದ ನಡ್ಕೊಂಡು ಬರೋವು."

ಅಷ್ಟರಲ್ಲಿ ಗಂಟೆಯ ಹುಡುಗ ಕಾಗದ ತಂದ. ಮೇಡಂ ಕನ್ನಡಕ ಏರಿಸಿದರು.

"'ಅಪರಾದ'. ಇದೇನಿದು? ದಕ್ಕೆ ಹೊಟ್ಟೆ ಸೀಳಿಲ್ಲ. ಗಂಟೆ ಹೊಡೆಯುವಾಗ ಇದ್ದ ಧೈರ್ಯ ಹೊಟ್ಟೆ ಸೀಳುವಾಗ ಎಲ್ಲಿ ಹೋಯ್ತೋ? ಹೋಗು."

ಹಿಂದೆಯೇ ಎರಡನೆಯವನು ಬಂದ. ಕಾರ್ಖಾನೆ ಕ್ವಾರ್ಟರ್ಸಿನ ಹುಡುಗ, ಮನೆಮಾತು ತಮಿಳು. ಅವನ ಕಾಗದದಲ್ಲಿ 'ಗಳಾಟೆ' ಎಂದಿತ್ತು.

"ಲಕಾರ ಯಾವುದು, ಳಕಾರ ಯಾವುದು, ಎಷ್ಟು ಸಲ ಹೇಳಲಿ?"

"ಗೊತ್ತು ಮೇಡಂ. ಆದ್ರೆ ನಮ್ಮನೇಲಿ ಮೂರು ಲ ಇದೆ. ಬರೆಯೋ ಹೊತ್ತಿಗೆ ಯಾವುದು ಕೈಗೆ ಸಿಗುತ್ತೋ ಅದು ಬಂದುಬಿಡುತ್ತೆ."

"ಮೂರನೇದನ್ನ ನಿಮ್ಮಜ್ಜಿ ಹತ್ರ ಇಟ್ಟು ಬಾ. ಇಲ್ಲಿ ಎರಡರಲ್ಲೇ ಸಂಸಾರ."

ಹುಡುಗ ನಗುತ್ತಾ ಹೋದ. ಮೇಡಂ ನನ್ನ ಕಡೆ ತಿರುಗಿದರು. "ಬೈದ್ರೆ ಅರ್ಧ ಗಂಟೇಲಿ ಮರೀತಾರೆ ಮೇಡಂ. 'ನಾನು ಮಾಡಿದೆ, ಇನ್ನು ಮಾಡುವುದಿಲ್ಲ' ಅಂತ ಏಳು ಸಲ ಬರೆದೋರು ಎಂಟನೇ ಸಲಕ್ಕೆ ಆ ಕಡೆ ತಲೆ ಹಾಕಲ್ಲ. ಹನ್ನೊಂದು ವರ್ಷದಲ್ಲಿ ಎರಡನೇ ಸಲ ಈ ಬೆಂಚಿಗೆ ಬಂದವನು ಒಬ್ಬನೇ."

"ಅವನು ಯಾಕೆ ಬಂದ?"

"ಅವನಾ? ಮೊದಲನೇ ಸಲ ಬರೆದಿದ್ದರಲ್ಲಿ ಒಂದು ಕೊಂಬು ಬಿಟ್ಟಿದೀನಿ, ನಿಮಗೆ ಕಾಣಿಸಿಲ್ಲ, ತಿದ್ದಿಕೊಡ್ತೀನಿ ಅಂತ ಬಂದ."

ಆದೇಶ

ಮನೆಗೆ ಬಂದು ಲೆಕ್ಕ ಹಾಕಿದೆ. ನನ್ನ ಅಳತೆಗೋಲಿನಲ್ಲಿ ಅತಿ ಹೆಚ್ಚು ತೂಕ ಇದ್ದದ್ದು 'ಪ್ರಕರಣ ಎಷ್ಟು ಬೇಗ ಇತ್ಯರ್ಥವಾಯಿತು' ಎಂಬ ಕಾಲಮ್ಮಿಗೆ. ಗ್ಲಾಸ್ಗೋದಲ್ಲಿ ಅದು ಬಹಳ ಸರಿಯಾಗಿತ್ತು. ಇಲ್ಲಿ ಸೀಟಿಯ ಕಾಲೇಜು ಮೊದಲ ಸ್ಥಾನಕ್ಕೆ ಬಂತು. ಅವರದ್ದು ಒಂದೇ ಉಸಿರಿನ ಇತ್ಯರ್ಥ. ಆಲ್ಕೊಳ ಎರಡನೆಯದು. ಭದ್ರಾವತಿ ಕೊನೆಯದು. ಅಲ್ಲಿ ಹಲವು ಪ್ರಕರಣಗಳು ವಾರಗಟ್ಟಲೆ ಒತ್ತಕ್ಷರದಲ್ಲೇ ಸಿಕ್ಕಿಹಾಕಿಕೊಂಡಿದ್ದವು.

ಬದಲಾಯಿಸೋಣವೆಂದರೆ ಅಧ್ಯಕ್ಷರು ಒಪ್ಪಲಿಲ್ಲ. "ತೂಕದ ಕಲ್ಲು ಮಧ್ಯದಲ್ಲಿ ಬದಲಾಯಿಸ್ತಾರಾ ಮೇಡಂ? ಮಂಡೀಲಿ ಹಾಗೆ ಮಾಡಿದ್ರೆ ಹೊಡೀತಾರೆ." ಮೂರು ಅಡಿಟಿಪ್ಪಣಿ ಬರೆದೆ. ಭದ್ರಾವತಿಯಲ್ಲಿ ತಪ್ಪು ಮರುಕಳಿಸುವುದೇ ಇಲ್ಲ, ನನ್ನ ಅಳತೆಯೇ ಇಲ್ಲಿಗೆ ಹೊಂದುವುದಿಲ್ಲ, ದಯವಿಟ್ಟು ಎತ್ತಬೇಡಿ ಎಂದು. ಆದರೆ ಅಡಿಟಿಪ್ಪಣಿ ಓದುವ ಅಧ್ಯಕ್ಷರನ್ನು ನಾನು ಯಾವ ದೇಶದಲ್ಲೂ ಕಂಡಿಲ್ಲ. ಟ್ರಸ್ಟಿನ ಸಭೆ ಕೊನೆಯ ಪುಟ ನೋಡಿತು, ಭದ್ರಾವತಿ ಗೊರಬಲು ಎಂದಿತು, ಆದೇಶ ಹೊರಡಿಸಿ ಎಂದಿತು.

ಆ ರಾತ್ರಿ ನಾನು ಸರಿಯಾಗಿ ಊಟ ಮಾಡಲಿಲ್ಲ. ಮೇಡಂಗೆ ಫೋನ್ ಮಾಡಲೂ ಮುಖವಿರಲಿಲ್ಲ. ಒಬ್ಬರ ಮಂಡಿಯ ಮೇಲೆ ದಿನಾ ಬಸ್ಸು ಹತ್ತಿಸಿದವಳು ನಾನೇ.

ಐದನೇ ದಿನ ಅಧ್ಯಕ್ಷರೇ ಫೋನ್ ಮಾಡಿದರು. "ಮೇಡಂ, ಕೂಡಲೇ ಆಫೀಸಿಗೆ ಬನ್ನಿ. ಭದ್ರಾವತಿಯವರಿಗೆ ತಲೆ ಕೆಟ್ಟಿದೆ."

ಹೋದೆ. ಮೇಜಿನ ಮೇಲೆ ಒಂದು ಆಹ್ವಾನ ಪತ್ರಿಕೆ. ಭದ್ರಾವತಿ ಕಾಲೇಜಿನಲ್ಲಿ ಶಿಸ್ತು ವಿಭಾಗದ ಸಂಚಾಲಕಿಯವರಿಗೆ ಸನ್ಮಾನ, ಅಧ್ಯಕ್ಷತೆ: ಟ್ರಸ್ಟಿನ ಅಧ್ಯಕ್ಷರು.

"ನಾನು ವಿಭಾಗ ಎತ್ತಿ ಅಂತೀನಿ, ಇವರು ಶಾಲು ಹೊದಿಸ್ತೀವಿ ಅಂತಾರೆ! ಬೆಳಿಗ್ಗೆಯಿಂದ ಫೋನೇ ಫೋನು. ಪೇರೆಂಟ್ಸೆಲ್ಲ ಥ್ಯಾಂಕ್ಸ್ ಹೇಳ್ತಿದಾರೆ. ಪೇಪರಿನವರೂ ಮಾಡಿದ್ರು. ನಾನು ಏನಂತ ಹೇಳಲಿ?"

"ಆದೇಶದ ಪ್ರತಿ ಇದೆಯಾ ಸರ್?"

ಟೈಪಿಸ್ಟ್ ಹುಡುಗಿ ಕಡತ ತಂದಳು. ಅಧ್ಯಕ್ಷರ ಸಹಿ, ದುಂಡನೆಯ ಮೊಹರು, ಎಲ್ಲ ಸರಿಯಾಗಿತ್ತು. ನಾನು ಗಟ್ಟಿಯಾಗಿ ಓದಿದೆ:

"ಪರಿಶೀಲನಾ ವರದಿಯ ಹಿನ್ನೆಲೆಯಲ್ಲಿ, ಭದ್ರಾವತಿ ಕಾಲೇಜಿನ ವಿದ್ಯಾರ್ಥಿ ಶಿಸ್ತು ವಿಭಾಗವನ್ನು ಈ ಕೂಡಲೇ ಜಾರಿಗೆ ಬರುವಂತೆ ಮೆಚ್ಚಲಾಗಿದೆ."

"ಏನು?"

"ಮೆಚ್ಚಲಾಗಿದೆ ಸರ್. ಮುಚ್ಚಲಾಗಿದೆ ಅಲ್ಲ."

ಅಧ್ಯಕ್ಷರು ಟೈಪಿಸ್ಟ್ ಕಡೆ ನೋಡಿದರು. ಅವಳು ತಣ್ಣಗೆ ಹೇಳಿದಳು: "ಇಂಗ್ಲಿಷ್ ಕೀಬೋರ್ಡಲ್ಲಿ ಯು ಒತ್ತೋ ಕಡೆ ಇ ಒತ್ತಿಬಿಟ್ಟಿದೀನಿ ಸರ್. ಒಂದೇ ಕೀ. ನೀವು ಓದಿ ಸೈನ್ ಮಾಡಿದ್ರಲ್ಲ?"

ಅಧ್ಯಕ್ಷರು ಓದದೇ ಸಹಿ ಮಾಡುತ್ತಾರೆಂಬುದು ಆ ಕೋಣೆಯ ಫ್ಯಾನಿಗೂ ಗೊತ್ತಿತ್ತು. ನಾನು ಮೆಲ್ಲಗೆ ಕೇಳಿದೆ, "ಎಲ್ಲಿ ಓದಿದ್ದಮ್ಮ ನೀನು?"

"ಭದ್ರಾವತೀಲೇ ಮೇಡಂ. ನಾನೂ ಒಂದ್ಸಲ ಬರೆದುಕೊಟ್ಟಿದೀನಿ, ಒಂಬತ್ತನೇದು ಪಾಸಾಯ್ತು." ಅಷ್ಟು ಹೇಳಿ ಕಡತಕ್ಕೆ ದಾರ ಕಟ್ಟತೊಡಗಿದಳು. ಒಂಬತ್ತು ಸಲ ಬರೆದವಳ ಬೆರಳು ಜಾರುತ್ತದೆಯೇ ಎಂದು ನಾನು ಕೇಳಲಿಲ್ಲ. ಎಲ್ಲವನ್ನೂ ಅಳೆಯಬಾರದು.

ಅಧ್ಯಕ್ಷರು ಫೋನ್ ಎತ್ತಿ ಸಂಚಾಲಕಿ ಮೇಡಂಗೆ ಹಚ್ಚಿದರು, ನಾವೂ ಕೇಳಲೆಂದು ಸ್ಪೀಕರ್ ಹಾಕಿದರು.

"ಮೇಡಂ, ಆ ಆದೇಶದಲ್ಲಿ ಒಂದು ಅಕ್ಷರ ತಪ್ಪಾಗಿದೆ."

"ಇಲ್ಲ ಸರ್, ನಾನು ನಾಲ್ಕು ಸಲ ಓದಿದೆ. ಒಂದು ಕೊಂಬೂ ತಪ್ಪಿಲ್ಲ. ಈ ಹನ್ನೊಂದು ವರ್ಷದಲ್ಲಿ ಟ್ರಸ್ಟಿನಿಂದ ಬಂದ ಕಾಗದಗಳಲ್ಲಿ ಇಷ್ಟು ಶುದ್ಧವಾದ ಕನ್ನಡ ನಾನು ನೋಡಿಲ್ಲ."

"ಕನ್ನಡ ಸರಿ ಇದೆ ಮೇಡಂ, ಅರ್ಥ ತಪ್ಪಾಗಿದೆ! ತಪ್ಪು ನಮ್ಮ ಕಡೆಯಿಂದಲೇ ಆಗಿದೆ ಅಂತ ಹೇಳ್ತಿದೀನಿ."

ಆ ಕಡೆ ಪೆನ್ನಿನ ಕ್ಯಾಪ್ ಮುಚ್ಚಿದ ಸದ್ದು ಕೇಳಿಸಿತು.

"ತಪ್ಪಾಗಿದೆ ಅಂತ ಒಪ್ಪಿಕೊಳ್ತೀರಾ ಸರ್?"

"ಒಪ್ಪಿಕೊಳ್ತೀನಮ್ಮ. ಬೇಕಾದ್ರೆ ಈಗಲೇ ಬರೆದು ಕಳಿಸ್ತೀನಿ."

"ಕಳಿಸೋ ಹಾಗಿಲ್ಲ ಸರ್" ಎಂದರು ಮೇಡಂ, ಅತ್ಯಂತ ಮರ್ಯಾದೆಯಿಂದ. "ಇಲ್ಲಿಗೇ ಬಂದು, ಬೆಂಚಿನ ಮೇಲೆ ಕೂತು, ಸ್ವಂತ ಕೈಯಲ್ಲಿ ಬರೀಬೇಕು. ಎಲ್ಲರಿಗೂ ಒಂದೇ ನಿಯಮ. ಬೆಳಿಗ್ಗೆ ಸ್ವಲ್ಪ ಬೇಗ ಬನ್ನಿ ಸರ್, ಸಂಜೆಯೊಳಗೆ ಮುಗಿದರೂ ಮುಗೀಬಹುದು."

ಅಧ್ಯಕ್ಷರು ಫೋನನ್ನು ನಿಧಾನಕ್ಕೆ ಕೆಳಗಿಟ್ಟರು. ಕರ್ಚೀಫಿನಿಂದ ಹಣೆ ಒರೆಸಿಕೊಂಡರು. ಆಹ್ವಾನ ಪತ್ರಿಕೆ ಎತ್ತಿಕೊಂಡು, ತೋಳುದ್ದ ಹಿಡಿದು, ಜೀವನದಲ್ಲಿ ಮೊದಲ ಸಲ ಎಂಬಂತೆ ಒಂದೊಂದೇ ಅಕ್ಷರ ಓದಿದರು. ಆಮೇಲೆ ಟೈಪಿಸ್ಟ್ ಕಡೆ ತಿರುಗಿ ಕೇಳಿದರು:

"ಸನ್ಮಾನ ಎಷ್ಟು ಗಂಟೆಗಂತೆ?"